ವ್ಯಸನ ನಿವಾರಣೆಯಲ್ಲಿ ಶಾಲಾ ನಾಟಕದ ಸ್ಥಾನ

೧. ಪ್ರಸ್ತಾವನೆ

‘ವ್ಯಸನ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ಬಳಕೆಯಲ್ಲಿವೆ. ಬಿಡಲಾರದಂತೆ ಅಂಟಿಕೊಂಡ ದುಶ್ಚಟ ಎಂಬುದು ಒಂದು. ದುಃಖ, ಸಂಕಟ ಎಂಬುದು ಮತ್ತೊಂದು. ಕುಡಿತಕ್ಕೆ ಬಿದ್ದವನನ್ನು ವ್ಯಸನಿ ಎನ್ನುತ್ತೇವೆ. ಆಪ್ತರ ಮರಣವಾರ್ತೆಯನ್ನು ಕೇಳಿದಾಗ ವ್ಯಸನವಾಯಿತು ಎಂದೂ ಹೇಳುತ್ತೇವೆ. ಚಟವೂ ಸಂಕಟವೂ ಒಂದೇ ಹೆಸರಿನಲ್ಲಿ ಬಾಳುತ್ತಿರುವುದು ಆಕಸ್ಮಿಕವಿರಬಹುದು; ಆದರೂ ಶಿಕ್ಷಕರಾದವರು ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಲೇಸು. ಏಕೆಂದರೆ ಶಾಲೆಗಳಲ್ಲಿ ಮಾದಕವಸ್ತುಗಳ ವಿಷಯವಾಗಿ ನಾವು ಆಡುವ ಮಾತೆಲ್ಲವೂ ಮೊದಲನೆಯ ಅರ್ಥಕ್ಕೆ ಮಾತ್ರ ಸೇರಿದ್ದು. ಎರಡನೆಯದು ನಮ್ಮ ಗಮನಕ್ಕೆ ಬರುವುದು ಅಪರೂಪ.

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಶ್ರವಣಬೆಳಗೊಳಕ್ಕೆ ಹೊಂದಿಕೊಂಡಂತೆ ಉತ್ತರಕ್ಕೆ, ಜಿನನಾಥಪುರವೆಂಬ ಗ್ರಾಮವಿದೆ. ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ೧೨ನೆಯ ಶತಮಾನದಲ್ಲಿ ನೆಲೆಗೊಳಿಸಿದ ಊರು ಇದು. ಇಲ್ಲಿಯ ಶಾಂತಿನಾಥ ಬಸದಿಯ ಗರ್ಭಗೃಹದಲ್ಲಿ ನಿಶ್ಚಲನಾದ ತೀರ್ಥಂಕರನಿದ್ದರೆ, ಹೊರಗೋಡೆಯ ಮೇಲೆ ನರ್ತಕಿಯರೂ ಮದ್ದಳೆಗಾರರೂ ವಾದ್ಯಗಾರರೂ ಇದ್ದಾರೆ. ಧರ್ಮೋಪದೇಶಕ್ಕೂ ನಾಟ್ಯಕ್ಕೂ ವಿರೋಧವಿಲ್ಲವೆಂಬುದನ್ನು ಆ ಶಿಲ್ಪಿಗಳು ಅರಿತಿದ್ದಂತೆ ತೋರುತ್ತದೆ. ಇದೇ ನೆಲದಲ್ಲಿ ಬೆಳೆದ ಜೈನ ಸಂಪ್ರದಾಯವು ಗೃಹಸ್ಥರು ತೊರೆಯಬೇಕಾದ ಏಳು ವ್ಯಸನಗಳನ್ನು ಎಣಿಸಿ ಹೇಳಿದೆ: ಜೂಜು, ಮಾಂಸಭಕ್ಷಣ, ಮದ್ಯಪಾನ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ. ಗಮನಿಸಬೇಕಾದ ಸಂಗತಿಯೆಂದರೆ, ಈ ಪಟ್ಟಿಯನ್ನು ಕೇವಲ ಪಟ್ಟಿಯಾಗಿ ಬಿಡದೆ ಪ್ರತಿಯೊಂದು ವ್ಯಸನಕ್ಕೂ ಒಂದೊಂದು ಕಥೆಯನ್ನು ಜೋಡಿಸಿ ಹೇಳುವ ಪದ್ಧತಿ ಬೆಳೆದುಬಂದಿತು. ಜೂಜಿಗೆ ಧರ್ಮರಾಯನ ಕಥೆ, ಮದ್ಯಕ್ಕೆ ಯಾದವರ ಕಥೆ, ಪರಸ್ತ್ರೀವ್ಯಾಮೋಹಕ್ಕೆ ರಾವಣನ ಕಥೆ ಹೀಗೆ ಬಂದವು.

ಈ ಎರಡು ಕಥೆಗಳನ್ನು, ಎಂದರೆ ಯಾದವರದನ್ನೂ ಧರ್ಮರಾಯನದನ್ನೂ, ಮುಂದಿಟ್ಟುಕೊಂಡು ಶಾಲೆಯಲ್ಲಿ ನಾಟಕವು ಮಾದಕವ್ಯಸನವನ್ನು ತಡೆಯಲು ಹೇಗೆ ನೆರವಾಗಬಲ್ಲದು, ಯಾವಾಗ ನೆರವಾಗಲಾರದು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಪಿಡುಗಿನ ಸ್ವರೂಪ

ಮೊದಲಿಗೆ ಸಮಸ್ಯೆಯ ಪ್ರಮಾಣವನ್ನು ನೋಡೋಣ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿದ ಸಮೀಕ್ಷೆಯ ವರದಿ ೨೦೧೯ರಲ್ಲಿ ಪ್ರಕಟವಾಯಿತು. ಅದರಂತೆ ೧೦ರಿಂದ ೧೭ ವರ್ಷದವರಲ್ಲಿ ಮದ್ಯ ಸೇವಿಸುವವರು ನೂರಕ್ಕೆ ಸುಮಾರು ೧.೩. ಬಹುತೇಕ ಎಲ್ಲ ಮಾದಕದ್ರವ್ಯಗಳ ಬಳಕೆಯೂ ಮಕ್ಕಳಿಗಿಂತ ವಯಸ್ಕರಲ್ಲಿಯೇ ಹೆಚ್ಚು. ಒಂದು ವರ್ಗ ಮಾತ್ರ ಇದಕ್ಕೆ ಅಪವಾದ. ಅಂಗಡಿಗಳಲ್ಲಿ ಯಾರ ಪ್ರಶ್ನೆಯೂ ಇಲ್ಲದೆ ದೊರೆಯುವ ಕೆಲವು ದ್ರವಗಳ ಆವಿಯನ್ನು ಮೂಸುವ ಚಟ ವಯಸ್ಕರಲ್ಲಿ ನೂರಕ್ಕೆ ೦.೫೮ರಷ್ಟಿದ್ದರೆ, ಮಕ್ಕಳಲ್ಲಿ ೧.೧೭ರಷ್ಟಿದೆ. ಮಗುವಿನ ಕೈಗೆ ಮೊದಲು ಸಿಕ್ಕುವುದು ದೂರದೇಶದಿಂದ ಕಳ್ಳಸಾಗಣೆಯಾಗಿ ಬಂದ ವಸ್ತುವಲ್ಲ, ಹತ್ತಿರದ ಅಂಗಡಿಯ ವಸ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತಂಬಾಕಿನ ವಿಷಯದಲ್ಲಿಯೂ ಒಂದು ಅಂಕಿ ವಿಚಾರಾರ್ಹವಾಗಿದೆ. ೧೩ರಿಂದ ೧೫ ವರ್ಷದ ಶಾಲಾ ಮಕ್ಕಳನ್ನು ಕುರಿತು ೨೦೧೯ರಲ್ಲಿ ನಡೆದ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯ ಪ್ರಕಾರ, ತಂಬಾಕು ಬಳಸುತ್ತಿದ್ದವರು ಇಡೀ ಭಾರತದಲ್ಲಿ ನೂರಕ್ಕೆ ೮.೫, ಕರ್ನಾಟಕದಲ್ಲಿ ೧.೨. ನಮ್ಮ ರಾಜ್ಯದ ಪ್ರೌಢಶಾಲೆಯ ನೂರು ಮಕ್ಕಳಲ್ಲಿ ತೊಂಬತ್ತೆಂಟಕ್ಕಿಂತ ಹೆಚ್ಚು ಮಂದಿ ಅದರಿಂದ ದೂರವಿದ್ದರೆಂದು ಇದರ ತಾತ್ಪರ್ಯ. ಈ ಅಂಕಿಯ ಉಪಯೋಗವನ್ನು ಮುಂದೆ ಹೇಳಲಾಗುವುದು.

ಕಾನೂನುಗಳಿಗೇನೂ ಕೊರತೆಯಿಲ್ಲ. ಮಾದಕದ್ರವ್ಯಗಳ ನಿಯಂತ್ರಣಕ್ಕೆ ೧೯೮೫ರ ಅಧಿನಿಯಮವಿದೆ. ವಿದ್ಯಾಸಂಸ್ಥೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು ೨೦೦೩ರ ಕೇಂದ್ರ ಕಾಯಿದೆ ವಿಧಿಸಿತು. ಮಕ್ಕಳಿಗೆ ಮದ್ಯವನ್ನಾಗಲಿ ತಂಬಾಕನ್ನಾಗಲಿ ಕೊಟ್ಟವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ೨೦೧೫ರ ಬಾಲನ್ಯಾಯ ಕಾಯಿದೆಯಲ್ಲಿ ಅವಕಾಶವಿದೆ. ತಂಬಾಕು ಖರೀದಿಯ ಕನಿಷ್ಠ ವಯಸ್ಸನ್ನು ೨೧ಕ್ಕೆ ಏರಿಸಿದ ಕರ್ನಾಟಕದ ತಿದ್ದುಪಡಿ ೨೦೨೫ರಲ್ಲಿ ಜಾರಿಗೆ ಬಂದಿತು. ಇವೆಲ್ಲ ಅಂಗಡಿಯವನ ಕೈಯನ್ನು ತಡೆಯಬಲ್ಲವು. ಗೆಳೆಯನು ಚಾಚಿದ ಕೈಯ ಮುಂದೆ ನಿಂತ ಹುಡುಗನ ನಾಲಗೆಗೆ ಮಾತನ್ನು ಕೊಡಲಾರವು. ಆ ಕೆಲಸ ಶಾಲೆಯದು.

೩. ಬೋಧನೆಯ ಮಿತಿ

ಶಾಲೆ ಈ ಕೆಲಸವನ್ನು ಸಾಮಾನ್ಯವಾಗಿ ಹೇಗೆ ಮಾಡುತ್ತದೆ? ಜೂನ್ ೨೬ರಂದು ಮಾದಕವಸ್ತು ವಿರೋಧಿ ದಿನಾಚರಣೆ ನಡೆಯುತ್ತದೆ. ಅಧಿಕಾರಿಗಳೊಬ್ಬರು ಭಾಷಣ ಮಾಡುತ್ತಾರೆ. ರೋಗಗ್ರಸ್ತ ಅಂಗಾಂಗಗಳ ಚಿತ್ರಗಳನ್ನು ತೋರಿಸಲಾಗುತ್ತದೆ. ಮಕ್ಕಳು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಇದರ ಹಿಂದಿನ ಸದುದ್ದೇಶವನ್ನು ಯಾರೂ ಶಂಕಿಸಲಾರರು. ಫಲದ ಮಾತು ಬೇರೆ. ಸಂಯುಕ್ತ ರಾಷ್ಟ್ರಸಂಸ್ಥೆಯ ಮಾದಕದ್ರವ್ಯ ಕಚೇರಿಯು ೨೦೧೩ರಲ್ಲಿ, ಮತ್ತೆ ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ೨೦೧೮ರಲ್ಲಿ, ವ್ಯಸನ ತಡೆಯ ಅಂತರರಾಷ್ಟ್ರೀಯ ಮಾನದಂಡಗಳನ್ನು ಪ್ರಕಟಿಸಿತು. ಹಲವಾರು ದೇಶಗಳ ಅಧ್ಯಯನಗಳನ್ನು ಪರಾಮರ್ಶಿಸಿದ ಈ ಗ್ರಂಥವು ಶಾಲೆಯಲ್ಲಿ ನಿಷ್ಫಲವೆಂದೋ ಕೆಲವೊಮ್ಮೆ ಪ್ರತಿಕೂಲವೆಂದೋ ಕಂಡ ವಿಧಾನಗಳನ್ನು ಹೆಸರಿಸಿದೆ: ಕೇವಲ ಉಪನ್ಯಾಸ, ಭಯವನ್ನು ಹುಟ್ಟಿಸುವ ಮಾಹಿತಿ, ನೈತಿಕ ಉಪದೇಶವೊಂದೇ, ಹಿಂದೆ ವ್ಯಸನಿಗಳಾಗಿದ್ದವರ ಆತ್ಮನಿವೇದನೆ, ಪೋಲೀಸರಿಂದ ಪಾಠ. ಅಮೆರಿಕೆಯ ಲಾಸ್ ಏಂಜಲಿಸ್ ನಗರದಲ್ಲಿ ೧೯೮೩ರಲ್ಲಿ ಆರಂಭವಾಗಿ ದೇಶವ್ಯಾಪಿಯಾದ ‘ಡೇರ್’ ಎಂಬ ಕಾರ್ಯಕ್ರಮದಲ್ಲಿ ಪೋಲೀಸ್ ಅಧಿಕಾರಿಗಳೇ ತರಗತಿಗೆ ಬಂದು ಬೋಧಿಸುತ್ತಿದ್ದರು. ಮಕ್ಕಳೂ ಪಾಲಕರೂ ಅದನ್ನು ಮೆಚ್ಚಿದರು. ಆದರೆ ಅದು ಮಕ್ಕಳ ನಡತೆಯಲ್ಲಿ ನಿಲ್ಲುವಂತಹ ವ್ಯತ್ಯಾಸವನ್ನು ತಂದಂತೆ ಅನೇಕ ಅಧ್ಯಯನಗಳಲ್ಲಿ ಕಂಡುಬರಲಿಲ್ಲ. ಆ ಬಳಿಕ ಅದರ ಪಠ್ಯಕ್ರಮವನ್ನೇ ಬದಲಾಯಿಸಬೇಕಾಯಿತು.

ಹಾಗಾದರೆ ಭಾಷಣದ ಬದಲು ನಾಟಕವನ್ನು ಆಡಿಸಿದರೆ ಸಾಕೆ? ಸಾಲದು. ನಮ್ಮ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಆಡುವ ವ್ಯಸನವಿರೋಧಿ ಕಿರುನಾಟಕಗಳ ಸಾಮಾನ್ಯ ಕಥಾವಸ್ತುವನ್ನು ನೆನಪಿಗೆ ತಂದುಕೊಳ್ಳಬಹುದು. ಒಬ್ಬನು ಕುಡಿಯುತ್ತಾನೆ; ತೂರಾಡುತ್ತಾನೆ; ಹೆಂಡತಿಯನ್ನು ಹೊಡೆಯುತ್ತಾನೆ; ಮಕ್ಕಳು ಅಳುತ್ತಾರೆ; ಅವನು ಸಾಯುತ್ತಾನೆ; ವೈದ್ಯನ ಪಾತ್ರಧಾರಿ ಮುಂದೆ ಬಂದು ಹಿತವಚನ ಹೇಳುತ್ತಾನೆ. ಇದು ಯಾದವರ ಕಥೆಯ ಮಾದರಿ. ಕೊನೆಯ ವಿನಾಶವನ್ನು ತೋರಿಸಿ ಹೆದರಿಸುವುದು ಇದರ ತಂತ್ರ. ವೇಷ ತೊಟ್ಟ ಉಪನ್ಯಾಸವಲ್ಲದೆ ಇದು ಬೇರೆಯಲ್ಲ. ಇದರಲ್ಲಿ ಎರಡು ದೋಷಗಳಿವೆ. ಕುಡುಕನ ಪಾತ್ರವೇ ಎಲ್ಲರೂ ಬಯಸುವ ಪಾತ್ರವಾಗಿ, ಅವನ ತೂರಾಟಕ್ಕೇ ಸಭೆಯ ನಗುವೂ ಚಪ್ಪಾಳೆಯೂ ಸಲ್ಲುವುದು ಒಂದು. ಯಾವ ಮಾತನ್ನು ಹಾಸ್ಯಾಸ್ಪದವೆಂದು ತೋರಿಸಬೇಕೆಂದಿದ್ದೆವೋ ಅದೇ ಆಕರ್ಷಕವಾಗಿಬಿಡುತ್ತದೆ. ಎರಡನೆಯದು ಇನ್ನೂ ಗಂಭೀರವಾದುದು. ಹದಿಮೂರು ವರ್ಷದ ಹುಡುಗನು ವೇದಿಕೆಯ ಮೇಲಿನ ಆ ಮುದಿ ಕುಡುಕನಲ್ಲಿ ತನ್ನನ್ನು ಕಾಣುವುದಿಲ್ಲ. ಅದು ಮತ್ತಾರದೋ ಕಥೆ. ಅವನಿಗೆ ಎದುರಾಗುವುದು ಕೊನೆಯ ದೃಶ್ಯವಲ್ಲ, ಮೊದಲನೆಯ ದೃಶ್ಯ. ಅದನ್ನು ನಾವು ಆಡಿಸುವುದೇ ಇಲ್ಲ.

೪. ಧರ್ಮರಾಯನ ಮಾದರಿ

ಈಗ ಇನ್ನೊಂದು ಕಥೆಗೆ ಬರೋಣ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳೂ ಸೇರಿದಂತೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಹವ್ಯಾಸ ಇಂದಿಗೂ ಅಳಿದಿಲ್ಲ. ಬೇಸಾಯಗಾರರೂ ಅಂಗಡಿಯವರೂ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಬಾಡಿಗೆಗೆ ಸೀನರಿ ತರಿಸಿ, ತಮ್ಮ ತಮ್ಮ ಪಾತ್ರಕ್ಕೆ ತಾವೇ ಹಣ ತೆತ್ತು ಕುರುಕ್ಷೇತ್ರವನ್ನು ಬೆಳಗಿನವರೆಗೆ ಆಡುತ್ತಾರೆ. ಆದಕಾರಣ ಪಾಂಡವರ ದ್ಯೂತದ ಪ್ರಸಂಗವನ್ನು ಈ ಭಾಗದ ಮಕ್ಕಳಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆ ಪ್ರಸಂಗದಲ್ಲಿ ಧರ್ಮರಾಯನು ಕೆಟ್ಟವನಲ್ಲ, ಅಜ್ಞಾನಿಯೂ ಅಲ್ಲ. ಜೂಜಿನ ಕೇಡನ್ನು ವಿದುರನು ಬಲ್ಲನು, ಧರ್ಮರಾಯನೂ ಬಲ್ಲನು. ಕರೆಯಲು ಬಂದ ದೂತನೇ ಎಚ್ಚರಿಸುವವನೂ ಆಗಿರುವ ವಿಚಿತ್ರ ಸನ್ನಿವೇಶ ಅದು. ಆದರೂ ಅವನು ಹೋದನು. ಕರೆದಾಗ ಹಿಂಜರಿಯುವುದು ತನ್ನಂತಹವನಿಗೆ ತಕ್ಕುದಲ್ಲವೆಂಬ ಭಾವನೆ ಅವನನ್ನು ಕಟ್ಟಿಹಾಕಿತು. ಅವನಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಮಾನಕ್ಕೆ ಕುಂದು ಬಾರದಂತೆ ‘ಒಲ್ಲೆ’ ಎನ್ನುವ ದಾರಿ ಇರಲಿಲ್ಲ. ಸಭೆಯಲ್ಲಿದ್ದ ಹಿರಿಯರು ಸುಮ್ಮನಿದ್ದರು. ದ್ರೌಪದಿಗೆ ಅನ್ಯಾಯವಾದಾಗ ಕೌರವರ ಪೈಕಿ ಬಾಯಿ ತೆರೆದವನು ವಿಕರ್ಣನೊಬ್ಬನೇ.

ಇಂದಿನ ಹುಡುಗನ ಸ್ಥಿತಿ ಇದಕ್ಕಿಂತ ಭಿನ್ನವೆ? ತಂಬಾಕು ಕೆಟ್ಟದ್ದೆಂಬುದು ಪೊಟ್ಟಣದ ಮೇಲೆಯೇ ಚಿತ್ರಸಹಿತವಾಗಿ ಅಚ್ಚಾಗಿದೆ. ಅವನು ಸೋಲುವುದು ತಿಳಿಯದೆ ಅಲ್ಲ. ಗೆಳೆಯರ ಮುಂದೆ ಸಣ್ಣವನಾಗಲು ಅಂಜಿ. ಜ್ಞಾನವನ್ನು ಪುಸ್ತಕದಿಂದ ಕೊಡಬಹುದು. ಮಾತು, ಧ್ವನಿ, ನಿಲುವು, ಸಮಯ ಇವುಗಳಿಂದ ಕೂಡಿದ ನಿರಾಕರಣೆಯನ್ನು ಅಭ್ಯಾಸದಿಂದ ಮಾತ್ರ ಕಲಿಸಬಹುದು. ಅಂತಹ ಅಭ್ಯಾಸಕ್ಕೆ ನಾಟಕಕ್ಕಿಂತ ತಕ್ಕ ಸಾಧನ ಬೇರೊಂದಿಲ್ಲ. ನಾಟಕದಲ್ಲಿ ತಪ್ಪಿದರೆ ಹಾನಿಯಿಲ್ಲ, ಮತ್ತೊಮ್ಮೆ ಆಡಬಹುದು. ಶಾಲಾ ನಾಟಕದ ಪ್ರಯೋಜನವಿರುವುದು ಅದನ್ನು ನೋಡುವುದರಲ್ಲಲ್ಲ, ಆಡುವುದರಲ್ಲಿ. ಅಂತ್ಯದ ದೃಶ್ಯದಲ್ಲಲ್ಲ, ಆರಂಭದ ದೃಶ್ಯದಲ್ಲಿ.

೫. ಪೂರ್ವದೃಷ್ಟಾಂತಗಳು

ನಾಟಕವನ್ನು ಶಿಕ್ಷಣದ ಅಂಗವಾಗಿ ಬಳಸುವ ಯತ್ನ ಹೊಸದಲ್ಲ. ಪುತ್ತೂರಿನಲ್ಲಿ ಶಿವರಾಮ ಕಾರಂತರು ೧೯೩೦ರ ದಶಕದಿಂದ ಮಕ್ಕಳ ಆಟ, ನಾಟಕಗಳನ್ನು ಕಲಿಕೆಯೊಡನೆ ಬೆಸೆದರು. ಬಿ. ವಿ. ಕಾರಂತರು ರವೀಂದ್ರನಾಥರ ಗಿಳಿಯ ಕಥೆಯನ್ನು ‘ಪಂಜರಶಾಲೆ’ ಎಂಬ ಮಕ್ಕಳ ನಾಟಕವಾಗಿಸಿದರು. ಗಿಳಿಯ ಬಾಯಿಗೆ ಪುಸ್ತಕದ ಹಾಳೆಗಳನ್ನು ತುರುಕುವ ಆ ಪಂಡಿತರನ್ನು ನಮ್ಮ ವ್ಯಸನವಿರೋಧಿ ಬೋಧನೆಯ ಸಂದರ್ಭದಲ್ಲಿ ನೆನೆಯುವುದು ಅನುಚಿತವಾಗಲಾರದು. ಇಂಗ್ಲೆಂಡಿನ ಕಾವೆಂಟ್ರಿ ನಗರದ ಬೆಲ್‌ಗ್ರೇಡ್ ರಂಗಮಂದಿರವು ೧೯೬೫ರಲ್ಲಿ ನಟ-ಶಿಕ್ಷಕರ ತಂಡವನ್ನು ಶಾಲೆಗಳಿಗೆ ಕಳುಹಿಸಲಾರಂಭಿಸಿತು. ನಮ್ಮ ರಾಷ್ಟ್ರೀಯ ನಾಟಕ ಶಾಲೆಯು ೧೯೮೯ರಲ್ಲಿ ಶಿಕ್ಷಣರಂಗಭೂಮಿಗಾಗಿ ಪ್ರತ್ಯೇಕ ತಂಡವೊಂದನ್ನು ಕಟ್ಟಿತು. ಬ್ರೆಜಿಲಿನ ಆಗಸ್ಟೊ ಬೋಲ್ ೧೯೭೦ರ ದಶಕದಲ್ಲಿ ರೂಪಿಸಿದ ಪದ್ಧತಿ ನಮ್ಮ ವಿಷಯಕ್ಕೆ ಹೆಚ್ಚು ಸಮೀಪದ್ದು. ಅದರಲ್ಲಿ ಸಮಸ್ಯೆಯೊಂದನ್ನು ಪರಿಹಾರವಿಲ್ಲದೆ ಆಡಿ ತೋರಿಸುತ್ತಾರೆ. ಎರಡನೆಯ ಬಾರಿ ಆಡುವಾಗ ಪ್ರೇಕ್ಷಕರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಎದ್ದು ಬಂದು ಪಾತ್ರವನ್ನು ತಾವೇ ವಹಿಸಿ ಬೇರೊಂದು ದಾರಿಯನ್ನು ಪರೀಕ್ಷಿಸಬಹುದು.

ವ್ಯಸನದ ವಿಷಯದಲ್ಲಿಯೇ ಕಥೆ ಕಾರ್ಯವಾದ ಒಂದು ನಿದರ್ಶನ ನೆರೆಯ ಆಂಧ್ರದಲ್ಲಿದೆ. ನೆಲ್ಲೂರು ಜಿಲ್ಲೆಯಲ್ಲಿ ೧೯೯೧ರಲ್ಲಿ ಸಾಕ್ಷರತಾ ಆಂದೋಲನ ನಡೆದಾಗ, ಪಾಠಪುಸ್ತಕದಲ್ಲಿ ಸೀತಮ್ಮನೆಂಬ ಹೆಂಗಸಿನ ಕಥೆಯಿತ್ತು. ಕುಡುಕ ಗಂಡನಿಂದ ನೊಂದ ಅವಳ ಕಥೆಯನ್ನು ಓದಿ, ಇದು ನಮ್ಮದೇ ಕಥೆಯಲ್ಲವೆ ಎಂದು ಚರ್ಚಿಸಿದ ದೂಬಗುಂಟ ಗ್ರಾಮದ ಸ್ತ್ರೀಯರು ಒಗ್ಗೂಡಿ ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಚಳವಳಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, ೧೯೯೩ರಲ್ಲಿ ಆ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಇಲ್ಲಿ ಸ್ತ್ರೀಯರನ್ನು ಎಬ್ಬಿಸಿದ್ದು ವೈದ್ಯಶಾಸ್ತ್ರದ ಮಾಹಿತಿಯಲ್ಲ. ತಮ್ಮದೇ ಜೀವನದ ಚಿತ್ರ ಮತ್ತು ಅದನ್ನು ಕುರಿತು ಕೂಡಿ ಆಡಿದ ಮಾತು.

ನಮ್ಮ ನಾಡಿನಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳು ೧೯೭೫ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ಯನ್ನೂ ಈ ದೃಷ್ಟಿಯಿಂದ ನೋಡಬಹುದು. ಅವರು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಜೋಳಿಗೆಗೆ ಚಟವನ್ನು ಹಾಕುವವನು ಕೇವಲ ಕೇಳುಗನಲ್ಲ. ಎಲ್ಲರೆದುರಿಗೆ ಒಂದು ಕ್ರಿಯೆಯನ್ನು ನಡೆಸುವವನು. ಅಲ್ಲದೆ ಅದರಲ್ಲಿ ವ್ಯಸನಿಗೆ ಅವಮಾನವಿಲ್ಲ, ಕೊಡುವವನ ಗೌರವವಿದೆ. ಧರ್ಮರಾಯನಿಗೆ ದೊರೆಯದಿದ್ದ ‘ಮಾನವುಳಿಸಿಕೊಂಡು ಒಲ್ಲೆನ್ನುವ ದಾರಿ’ ಇಲ್ಲಿ ದೊರೆತಿದೆ.

ಶಾಲೆಗಳ ಮಟ್ಟದಲ್ಲಿ ಎರಡು ಅವಕಾಶಗಳು ಈಗಾಗಲೇ ಇವೆ. ರಾಷ್ಟ್ರೀಯ ಜನಸಂಖ್ಯಾ ಶಿಕ್ಷಣ ಯೋಜನೆಯಡಿ ಪ್ರೌಢಶಾಲಾ ಮಕ್ಕಳಿಗಾಗಿ ಏರ್ಪಡುವ ಪಾತ್ರಾಭಿನಯ ಸ್ಪರ್ಧೆಯ ವಿಷಯಗಳಲ್ಲಿ ಮಾದಕವಸ್ತು ಸೇವನೆಯ ತಡೆಯೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹದಿಹರೆಯದವರಿಗಾಗಿ ರೂಪಿಸಿದ ಜೀವನಕೌಶಲ ಶಿಕ್ಷಣವು ಶಿಕ್ಷಕರ ಮೂಲಕವೇ ನಡೆಯುವಂಥದು. ಚರ್ಚೆ, ಪಾತ್ರಾಭಿನಯ ಮೊದಲಾದ ಕ್ರಿಯೆಗಳೇ ಅದರ ಆಧಾರ. ಸ್ಪರ್ಧೆಯಲ್ಲಿ ನಾಲ್ಕೈದು ಮಕ್ಕಳಿಗೆ ಮಾತ್ರ ಅವಕಾಶ. ತರಗತಿಯಲ್ಲಿ ಎಲ್ಲರಿಗೂ ಅವಕಾಶ. ಆದುದರಿಂದ ಬಹುಮಾನದ ನಾಟಕಕ್ಕಿಂತ ತರಗತಿಯ ನಾಟಕವೇ ನಮಗೆ ಮುಖ್ಯ.

೬. ಒಂದು ಮಾದರಿ

ಮೇಲಿನ ತತ್ತ್ವವನ್ನು ಸ್ಪಷ್ಟಪಡಿಸಲು ಕಲ್ಪಿತ ಪ್ರಸಂಗವೊಂದನ್ನು ಇಲ್ಲಿ ಸೂಚಿಸಲಾಗಿದೆ. ಇದಕ್ಕೆ ವೇದಿಕೆ, ವೇಷಭೂಷಣ, ಬರೆದ ಸಂಭಾಷಣೆ ಯಾವುದೂ ಬೇಕಿಲ್ಲ. ಬೆಂಚುಗಳನ್ನು ಬದಿಗೆ ಸರಿಸಿದರೆ ಸಾಕು.

ಶನಿವಾರ ಮಧ್ಯಾಹ್ನ. ಶಾಲೆ ಬಿಟ್ಟಿದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಶ್ರವಣಬೆಳಗೊಳದಿಂದ ಜಿನನಾಥಪುರದ ಮನೆಗೆ ನಡೆದುಹೋಗುತ್ತಿದ್ದಾನೆ. ಊರಿನ ಕ್ರಿಕೆಟ್ ತಂಡದ ನಾಯಕ, ಅವನಿಗಿಂತ ಮೂರು ವರ್ಷ ದೊಡ್ಡವನು, ಮರದಡಿಯಲ್ಲಿ ಇಬ್ಬರು ಗೆಳೆಯರೊಡನೆ ಕುಳಿತಿದ್ದಾನೆ. ನಾಳೆಯ ಪಂದ್ಯಕ್ಕೆ ಈ ಹುಡುಗನನ್ನು ಸೇರಿಸಿಕೊಳ್ಳುವುದಾಗಿ ಹೇಳಿ, ಜೇಬಿನಿಂದ ಪೊಟ್ಟಣವನ್ನು ತೆಗೆದು ಕೈ ಚಾಚುತ್ತಾನೆ: “ತಗಳ್ಲಾ, ಒಂದ್ಸಲಕ್ಕೆ ಏನಾಯ್ತದೆ?” ಅಲ್ಲಿಗೆ ಶಿಕ್ಷಕರು ಆಟವನ್ನು ನಿಲ್ಲಿಸುತ್ತಾರೆ.

ಆಗ ಕೇಳಬೇಕಾದ ಪ್ರಶ್ನೆ ‘ಇದು ಸರಿಯೆ, ತಪ್ಪೆ?’ ಎಂಬುದಲ್ಲ, ಅದಕ್ಕೆ ಇಡೀ ತರಗತಿ ಒಕ್ಕೊರಲಿನಿಂದ ಉತ್ತರ ಹೇಳಿಬಿಡುತ್ತದೆ. ‘ಇವನು ಈಗ ಏನು ಹೇಳಬಹುದು?’ ಎಂದು ಕೇಳಬೇಕು. ಉತ್ತರ ಹೇಳಿದವನನ್ನು ಕರೆದು, ಹೇಳಿದ್ದನ್ನು ಆಡಿ ತೋರಿಸುವಂತೆ ಸೂಚಿಸಬೇಕು. ನಾಯಕನ ಪಾತ್ರಧಾರಿ ಸುಲಭವಾಗಿ ಒಪ್ಪಿಕೊಳ್ಳಬಾರದು. ನಿಜಜೀವನದಲ್ಲಿ ಹೇಗೆ ಒತ್ತಾಯಿಸುವರೋ ಹಾಗೆಯೇ ಒತ್ತಾಯಿಸಬೇಕು. “ದುಶ್ಚಟ ದೇಹಕ್ಕೆ ಹಾನಿಕರ” ಎಂಬ ಪುಸ್ತಕದ ಮಾತು ಇಲ್ಲಿ ನಿಲ್ಲಲಾರದೆಂಬುದು ಮಕ್ಕಳಿಗೇ ತಿಳಿದುಬರುತ್ತದೆ. ಅದನ್ನು ಹೇಳಿದವನ ಸುತ್ತ ನಗು ಏಳುತ್ತದೆ. ಒಬ್ಬನು, “ನಂಗ್ ಬ್ಯಾಡ ಕಣಣ್ಣ, ನಾಳೆ ಬೌಲಿಂಗ್ ಮಾಡ್ಬೇಕು” ಎಂದು ಮಾತನ್ನು ಪಂದ್ಯದ ಕಡೆಗೆ ತಿರುಗಿಸಬಹುದು. ಇನ್ನೊಬ್ಬನು ನಗುತ್ತ ನಡೆದುಬಿಡಬಹುದು. ಮತ್ತೊಬ್ಬನು ಏನೂ ಕಾರಣ ಕೊಡದೆ “ಬ್ಯಾಡ” ಎಂದಷ್ಟೇ ಹೇಳಿ ಸುಮ್ಮನೆ ನಿಲ್ಲಬಹುದು. ಪ್ರತಿಯೊಂದು ದಾರಿಯ ಗುಣದೋಷಗಳನ್ನು ತರಗತಿಯೇ ತೂಗಿ ನೋಡಲಿ.

ಎರಡನೆಯ ದಿನ ಮರದಡಿ ಕುಳಿತ ಗೆಳೆಯರ ಪಾತ್ರವನ್ನು ಮುಂದಕ್ಕೆ ತರಬೇಕು. ಅವರಲ್ಲೊಬ್ಬನಿಗೂ ಅದು ಇಷ್ಟವಿಲ್ಲ. ಆದರೆ ಬಾಯಿ ಬಿಟ್ಟಿಲ್ಲ. ಅವನು ವಿಕರ್ಣನಾದರೆ ಏನಾಗುತ್ತದೆ? ಮೇಲೆ ಹೇಳಿದ ತಂಬಾಕು ಸಮೀಕ್ಷೆಯ ಅಂಕಿಯ ಪ್ರಯೋಜನ ಇಲ್ಲಿಯೇ. ಎಲ್ಲರೂ ಸೇದುತ್ತಾರೆ, ಎಲ್ಲರೂ ಜಗಿಯುತ್ತಾರೆ ಎಂದು ಹದಿಹರೆಯದವರು ನಂಬುವುದುಂಟು. ವಾಸ್ತವವಾಗಿ ಹಾಗೆ ಮಾಡುವವರು ಅತ್ಯಲ್ಪ. ಹ್ಯಾನ್ಸನ್ ಮತ್ತು ಗ್ರಹಾಂ ಎಂಬ ಅಮೆರಿಕದ ವಿದ್ವಾಂಸರು ೧೯೯೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿರಾಕರಿಸುವುದನ್ನಷ್ಟೇ ಕಲಿಸಿದ್ದಕ್ಕಿಂತ ಈ ತಪ್ಪು ಎಣಿಕೆಯನ್ನು ತಿದ್ದಿದ್ದು ಹೆಚ್ಚು ಫಲ ಕೊಟ್ಟಿತು. ತರಗತಿಯ ನಾಟಕದಲ್ಲಿ ಈ ಎರಡೂ ಒಟ್ಟಿಗೆ ನಡೆಯುತ್ತವೆ. ಗೆಳೆಯರು ಒಬ್ಬೊಬ್ಬರಾಗಿ ಎದ್ದು ಬಂದು ‘ಬ್ಯಾಡ’ ಎನ್ನುವುದನ್ನು ಕಣ್ಣಾರೆ ಕಂಡ ಹುಡುಗನಿಗೆ ತಾನು ಒಂಟಿಯಲ್ಲವೆಂಬ ಅರಿವು ಮೂಡುತ್ತದೆ.

ಮೂರನೆಯ ದಿನ ದೃಶ್ಯ ಮನೆಗೆ ಬದಲಾಗಲಿ. ಹುಡುಗ ಪೊಟ್ಟಣವನ್ನು ತೆಗೆದುಕೊಂಡನೆಂದೇ ಇಟ್ಟುಕೊಳ್ಳೋಣ. ಕೆಲವು ವಾರಗಳಾಗಿವೆ. ಅವನ ಅಕ್ಕನಿಗೆ ಗೊತ್ತಾಗಿದೆ. ಅವಳು ಯಾರಿಗೆ ಹೇಳಬೇಕು? ಅಪ್ಪನಿಗೆ ಹೇಳಿದರೆ ಹೊಡೆತ. ಹೇಳದಿದ್ದರೆ ಮನಸ್ಸಿಗೆ ಭಾರ. ವ್ಯಸನದ ಎರಡನೆಯ ಅರ್ಥ ಇಲ್ಲಿ ತಾನಾಗಿ ಪ್ರಕಟವಾಗುತ್ತದೆ. ವಿದ್ಯಾರ್ಥಿನಿಯರನ್ನು ಅಳುವ ತಾಯಿಯ ಪಾತ್ರಕ್ಕೆ ಸೀಮಿತಗೊಳಿಸದೆ, ವಿಚಾರಮಾಡಿ ನಿರ್ಧರಿಸುವ ಪಾತ್ರವನ್ನು ಅವರಿಗೆ ಕೊಡಲು ಇದು ಅವಕಾಶ. ಬೈಯದೆ ಕೇಳಬಲ್ಲ ಹಿರಿಯರು ಊರಿನಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ತರಗತಿಯ ಮುಂದಿಡಬೇಕು. ಆ ಹೆಸರು ಯಾವ ಮಗುವಿಗೂ ಹೊಳೆಯದೆ ಹೋದರೆ, ಶಿಕ್ಷಕರು ತಮ್ಮ ಶಾಲೆಯ ವಿಷಯವಾಗಿ ಮುಖ್ಯವಾದ ಸಂಗತಿಯೊಂದನ್ನು ಕಲಿತಂತಾಯಿತು.

೭. ಕೆಲವು ಎಚ್ಚರಿಕೆಗಳು

ಈ ಸಾಧನ ಹರಿತವಾದುದು; ಆದಕಾರಣ ಎಚ್ಚರಿಕೆಯೂ ಅಗತ್ಯ.

ಮೊದಲನೆಯದಾಗಿ, ತರಗತಿಯಲ್ಲಿ ಕುಡುಕ ತಂದೆಯ ಮಕ್ಕಳು ಇದ್ದೇ ಇರುತ್ತಾರೆ. ಅವರ ಮನೆಯ ಕಥೆಯನ್ನು ಹೋಲುವ ಪಾತ್ರವನ್ನು ಅವರಿಂದ ಮಾಡಿಸಬಾರದು. ಯಾರ ಸ್ವಂತ ಅನುಭವವನ್ನೂ ಸಭೆಯಲ್ಲಿ ಕೇಳಬಾರದು. ಎಲ್ಲವೂ ಕಲ್ಪಿತ ಹೆಸರಿನಲ್ಲಿ ನಡೆಯಲಿ. ಆಟ ಮುಗಿದ ಮೇಲೆ ಪ್ರತಿಯೊಬ್ಬ ಪಾತ್ರಧಾರಿಯೂ ತನ್ನ ನಿಜವಾದ ಹೆಸರನ್ನು ಹೇಳಿ ಸ್ವಸ್ಥಾನಕ್ಕೆ ಮರಳುವ ಕ್ರಮವನ್ನಿಡಬೇಕು. ಪೊಟ್ಟಣ ಚಾಚಿದ ಪಾತ್ರಧಾರಿಯ ಹೆಸರು ಆಟದ ಬಯಲಿನಲ್ಲಿ ಅಡ್ಡಹೆಸರಾಗಿ ಉಳಿಯಬಾರದು.

ಎರಡನೆಯದಾಗಿ, ಯಾವ ದ್ರವ್ಯವನ್ನು ಹೇಗೆ ಸೇವಿಸುತ್ತಾರೆಂಬುದನ್ನು ರಂಗದ ಮೇಲೆ ತೋರಿಸಬಾರದು. ಅದು ನಿವಾರಣೆಯಾಗದೆ ಉಪದೇಶವಾಗುವ ಅಪಾಯವುಂಟು. ಚಾಚಿದ ಕೈಯಲ್ಲಿ ಖಾಲಿ ಕಾಗದವಿದ್ದರೂ ನಾಟಕ ನಡೆಯುತ್ತದೆ.

ಮೂರನೆಯದು ಈ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುವಂಥದು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ; ಸುತ್ತಲಿನ ಅನೇಕ ರೈತರಿಗೆ ಹೊಗೆಸೊಪ್ಪೇ ನಗದು ಬೆಳೆ. ಅಂತಹ ಮನೆಯ ಮಗುವಿನ ಪುಸ್ತಕ, ಸಮವಸ್ತ್ರಗಳು ಅದೇ ಹಣದಿಂದ ಬಂದಿರುತ್ತವೆ. ತಂಬಾಕು ಬೆಳೆಯುವವರೆಲ್ಲ ವಿಷ ಮಾರುವವರೆಂದು ವೇದಿಕೆಯಿಂದ ಸಾರಿದರೆ ಆ ಮಗು ತನ್ನ ತಂದೆಯನ್ನೋ ಶಾಲೆಯನ್ನೋ ಒಂದನ್ನು ಬಿಡಬೇಕಾಗುತ್ತದೆ. ಬಹುಮಟ್ಟಿಗೆ ಶಾಲೆಯ ಮಾತನ್ನೇ ಬಿಡುತ್ತದೆ. ಬೆಳೆಯ ಅರ್ಥಶಾಸ್ತ್ರವೂ ಸೇವನೆಯ ಪ್ರಶ್ನೆಯೂ ಬೇರೆ ಬೇರೆ ಎಂಬ ವಿವೇಕ ಶಿಕ್ಷಕರಿಗಿರಬೇಕು. ಬ್ಯಾರನ್ನಿನಲ್ಲಿ ಸೊಪ್ಪು ಹದಮಾಡುವ ತಂದೆಯೇ ಮಗನಿಗೆ “ನೀನು ಇದನ್ನ ಮುಟ್ಟಬ್ಯಾಡ” ಎನ್ನುವ ದೃಶ್ಯವನ್ನು ಮಕ್ಕಳು ತಾವಾಗಿ ಕಟ್ಟಿದರೆ, ಅದು ಯಾವ ಭಾಷಣಕ್ಕಿಂತಲೂ ಆಳವಾಗಿ ತಾಕಬಲ್ಲದು.

ನಾಲ್ಕನೆಯದಾಗಿ, ನಾಟಕವು ಚಿಕಿತ್ಸೆಯಲ್ಲ. ಚಟ ಬಲಿತ ವಿದ್ಯಾರ್ಥಿಗೆ ಬೇಕಾದುದು ಪಾತ್ರವಲ್ಲ, ವೈದ್ಯರು. ಇಂತಹ ಸಂದರ್ಭಗಳಿಗಾಗಿ ವ್ಯಸನಮುಕ್ತಿಯ 14446, ಮಾನಸಿಕ ಆರೋಗ್ಯದ 14416, ಮಕ್ಕಳ ನೆರವಿನ 1098 ಎಂಬ ದೂರವಾಣಿ ಸಂಖ್ಯೆಗಳನ್ನು ಶಿಕ್ಷಕರು ತಿಳಿದಿರಬೇಕು. ಅಂಕಿಗಳನ್ನು ಫೋನಿನಲ್ಲಿ ಒತ್ತುವ ರೂಪದಲ್ಲಿಯೇ ಇಲ್ಲಿ ಕೊಟ್ಟಿದೆ. ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ಶಾಲೆಯಿಂದ ಹೊರಹಾಕಿದರೆ ಅವನನ್ನು ಮರದಡಿಯ ಗೆಳೆಯರ ಕೈಗೇ ಒಪ್ಪಿಸಿದಂತಾಗುತ್ತದೆ.

ಕೊನೆಯದಾಗಿ, ಒಂದು ದಿನದ ಆಟದಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಹಲವು ವಾರಗಳ ಕಾಲ ಕ್ರಮವಾಗಿ ನಡೆದು, ಮುಂದಿನ ವರ್ಷ ಮತ್ತೆ ಮುಂದುವರಿದ ಪಾಠಗಳೇ ಫಲಕಾರಿಯೆಂದು ಸಂಶೋಧನೆಗಳು ಸೂಚಿಸುತ್ತವೆ. ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರು ಒಂದು ರಾತ್ರಿಯ ನಾಟಕಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುವರಷ್ಟೆ! ಜೀವಮಾನದುದ್ದಕ್ಕೂ ಬೇಕಾಗುವ ಒಂದು ಮಾತಿಗೆ ಅಷ್ಟಾದರೂ ಅಭ್ಯಾಸ ಬೇಡವೆ?

೮. ಉಪಸಂಹಾರ

೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ನಾಟಕವನ್ನೂ ಒಳಗೊಂಡ ಕಲಾಶಿಕ್ಷಣವು ಶಾಲೆಯ ಎಲ್ಲ ಹಂತಗಳಲ್ಲಿಯೂ ಇರಬೇಕೆಂದು ಹೇಳಿತು. ನಾಟಕದ ಶಿಕ್ಷಕರೇ ಇರುವ ಶಾಲೆಗಳು ನಮ್ಮಲ್ಲಿ ವಿರಳ. ಆದರೆ ಮೇಲೆ ವಿವರಿಸಿದ ಕ್ರಮಕ್ಕೆ ತರಬೇತಿ ಪಡೆದ ನಟರಿಗಿಂತ, ಮಕ್ಕಳ ಉತ್ತರವನ್ನು ತಾಳ್ಮೆಯಿಂದ ಕೇಳಬಲ್ಲ ಶಿಕ್ಷಕರು ಬೇಕು. ಶಿಕ್ಷಕ ತರಬೇತಿ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಅಭ್ಯಾಸಪಾಠಗಳಲ್ಲಿ ಇದನ್ನು ಪ್ರಯೋಗಿಸಿ, ಆಡಿದ ತರಗತಿಗಳನ್ನೂ ಆಡದ ತರಗತಿಗಳನ್ನೂ ಹೋಲಿಸಿ, ಫಲವನ್ನು ದಾಖಲಿಸುವುದು ಉಪಯುಕ್ತವಾದೀತು. ನಮ್ಮ ಹಳ್ಳಿಶಾಲೆಗಳ ಮಕ್ಕಳನ್ನು ಕುರಿತ ಪ್ರಶ್ನೆಗೆ ಲಾಸ್ ಏಂಜಲಿಸಿನ ಅಂಕಿಗಳು ಪೂರ್ಣ ಉತ್ತರವಾಗಲಾರವು.

ಯಾದವರ ಅಂತ್ಯವನ್ನು ತೋರಿಸಿ ಹೆದರಿಸುವುದು ಸುಲಭ. ಧರ್ಮರಾಯನ ಬಾಯಿಗೆ ಒಂದು ಮಾತನ್ನು ಒದಗಿಸುವುದು ಕಷ್ಟ. ಶಾಲೆಯು ಎರಡನೆಯದನ್ನು ಕೈಗೊಳ್ಳಬೇಕು. ಜಿನನಾಥಪುರದ ದಾರಿಯ ಮರದಡಿಯಲ್ಲಿ ಕೈ ಚಾಚಿದಾಗ ಆ ಹುಡುಗನ ಪಕ್ಕದಲ್ಲಿ ಶಿಕ್ಷಕರಾಗಲಿ ಪೋಲೀಸರಾಗಲಿ ಇರುವುದಿಲ್ಲ. ಅವನ ಬಳಿ ಇರುವುದು ತರಗತಿಯಲ್ಲಿ ನಾಲ್ಕಾರು ಸಲ ಗಟ್ಟಿಯಾಗಿ ಆಡಿದ ಮಾತು ಮಾತ್ರ. ಅದು ಸಮಯಕ್ಕೆ ನಾಲಗೆಗೆ ಬಂದರೆ, ಒಂದು ವ್ಯಸನ ತಪ್ಪುತ್ತದೆ. ಅದರೊಡನೆ ಒಂದು ಮನೆಯ ವ್ಯಸನವೂ ತಪ್ಪುತ್ತದೆ.